ಬಟ್ಟಲಲ್ಲಿ ಏನಿದೆ ಹೇಳು, ಬಿಂತಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯನ್ನು ನಾನು ಇಸ್ರೇಲಿನಲ್ಲಿ ಕೂತು ಮೊಬೈಲಿನಲ್ಲಿ ಓದುತ್ತೇನೆ. ಬೆಳಗ್ಗೆ ಅಜ್ಜಿ ಏಳುವುದಕ್ಕೆ ಮುಂಚೆ ಸಿಗುವ ಅರ್ಧ ಗಂಟೆ ನನ್ನದು. ಕಳೆದ ಭಾನುವಾರದ ಪುರವಣಿಯಲ್ಲಿ ಬೇರೆ ಬೇರೆ ಧರ್ಮದವರು ಊಟದ ಹೊತ್ತಿಗೆ ದೇವರನ್ನು ಹೇಗೆ ನೆನೆಯುತ್ತಾರೆ ಅಂತ ಒಂದು ಲೇಖನ ಇತ್ತು. ಚೆನ್ನಾಗಿತ್ತು. ಆದರೆ ಯಹೂದಿಗಳಿಗೆ ಸಿಕ್ಕಿದ್ದು ಎರಡೇ ಸಾಲು. ಊಟಕ್ಕೆ ಮುಂಚೆ ರೊಟ್ಟಿ ಮುರಿದು ಒಂದು ಸಣ್ಣ ಪ್ರಾರ್ಥನೆ ಹೇಳುತ್ತಾರೆ ಅಂತ ಬರೆದು ಮುಗಿಸಿದ್ದೀರಿ. ಅದು ತಪ್ಪಲ್ಲ, ಆದರೆ ಅರ್ಧ ಮಾತ್ರ. ಇನ್ನರ್ಧ ಊಟ ಆದ ಮೇಲೆ ಇದೆ. ಅದೇ ದೊಡ್ಡದು. ಇನ್ನೊಮ್ಮೆ ಈ ವಿಷಯ ಬರೆಯುವಾಗ ಅದನ್ನೂ ಸೇರಿಸಿ ಅಂತ ಕೇಳಿಕೊಳ್ಳುವುದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗುತ್ತದೆ, ಕ್ಷಮಿಸಿ.

ನಾನು ಉಡುಪಿ ಕಡೆಯವಳು. 2016ರಿಂದ ಇಲ್ಲಿ ರಮತ್ ಗನ್ ಊರಿನಲ್ಲಿ ಒಬ್ಬ ಅಜ್ಜಿಯನ್ನು ನೋಡಿಕೊಳ್ಳುತ್ತಿದ್ದೇನೆ. ಇಲ್ಲಿ ಅಜ್ಜಿಗೆ ಸಾವ್ತಾ ಅಂತಾರೆ, ನಾನೂ ಹಾಗೇ ಕರೆಯುತ್ತೇನೆ. ಅವರು ಹುಟ್ಟಿದ್ದು ಬಾಗ್ದಾದಿನಲ್ಲಿ. 1950-51ರಲ್ಲಿ ಇರಾಕಿನ ಒಂದು ಲಕ್ಷಕ್ಕೂ ಜಾಸ್ತಿ ಯಹೂದಿಗಳು ಊರು ಬಿಟ್ಟು ವಿಮಾನದಲ್ಲಿ ಇಲ್ಲಿಗೆ ಬಂದರಲ್ಲ, ಆಗ ಬಂದವರು. ಮೊದಲು ಡೇರೆಯಲ್ಲಿ ಇದ್ದರಂತೆ. ಆಗ ದೇಶದಲ್ಲಿ ಊಟಕ್ಕೆ ರೇಷನ್ ಇತ್ತು. ನನ್ನನ್ನು ಅವರು ಬಿಂತಿ ಅಂತ ಕರೆಯುತ್ತಾರೆ. ಅವರ ಅರಬ್ಬಿಯಲ್ಲಿ ಹಾಗೆಂದರೆ ಮಗಳೇ ಅಂತ.

ನಮ್ಮದು ಕ್ರೈಸ್ತರ ಮನೆ. ಊಟಕ್ಕೆ ಕೂರುವ ಮುಂಚೆ ಸಣ್ಣ ಪ್ರಾರ್ಥನೆ ಹೇಳುವುದು ನನಗೆ ಹೊಸದಲ್ಲ. ಹಾಗಾಗಿ ಮೊದಲ ದಿನ ಸಾವ್ತಾ ಎರಡು ಹಿಡಿಯ ಚೊಂಬಿನಲ್ಲಿ ಕೈಗೆ ನೀರು ಹಾಕಿಕೊಂಡು, ಒಂದೂ ಮಾತಾಡದೆ ಬಂದು ಕೂತು, ರೊಟ್ಟಿ ಹಿಡಿದು ಬ್ರಾಖಾ ಹೇಳಿದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ. ಬ್ರಾಖಾ ಅಂದರೆ ಆಶೀರ್ವಾದದ ಮಾತು. ರೊಟ್ಟಿಯದಕ್ಕೆ ಹಮೋತ್ಸಿ ಅಂತಾರೆ. ಭೂಮಿಯಿಂದ ರೊಟ್ಟಿಯನ್ನು ಹೊರಡಿಸುವ ದೇವರೇ, ನಿನಗೆ ಸ್ತೋತ್ರ ಅಂತ ಅದರ ಅರ್ಥ. ಆಮೇಲೆ ತುಂಡನ್ನು ಉಪ್ಪಿಗೆ ತಾಗಿಸಿ ತಿಂದರು. ಕೈಗೆ ನೀರು ಹಾಕಿಕೊಂಡಾಗಿನಿಂದ ಆ ತುತ್ತು ಗಂಟಲಲ್ಲಿ ಇಳಿಯುವ ತನಕ ನಡುವೆ ಮಾತಿಲ್ಲ.

ನಾನು ಬೈಸಿಕೊಂಡದ್ದು ಊಟ ಆದ ಮೇಲೆ. ತಟ್ಟೆ ಖಾಲಿ ಆದ ಕೂಡಲೇ ಎಲ್ಲ ಎತ್ತಿ ಮೇಜು ಒರೆಸುವುದು ನನ್ನ ಅಭ್ಯಾಸ. ಉಳಿದ ರೊಟ್ಟಿಯ ತುಂಡನ್ನು ಎತ್ತುವಾಗ ಸಾವ್ತಾ ನನ್ನ ಮಣಿಕಟ್ಟು ಹಿಡಿದುಕೊಂಡರು. ರೊಟ್ಟಿ ಇರಲಿ, ಚಾಕು ತೆಗಿ ಅಂದರು. ನನಗೆ ಆಗ ಹೀಬ್ರೂ ಅಷ್ಟಾಗಿ ಬರುತ್ತಿರಲಿಲ್ಲ. ಚಾಕು ಇಟ್ಟು ರೊಟ್ಟಿ ತೆಗೆದೆ. ಜೋರು ಮಾಡಿದರು. ಕೊನೆಗೆ ಅವರೇ ಚಾಕುವನ್ನು ಕರವಸ್ತ್ರದ ಅಡಿಗೆ ತಳ್ಳಿ, ರೊಟ್ಟಿಯ ತುಂಡನ್ನು ಎದುರಿಗೆ ಇಟ್ಟುಕೊಂಡು, ಕಣ್ಣು ಮುಚ್ಚಿ ಶುರು ಮಾಡಿದರು. ನಾನು ಒದ್ದೆ ಬಟ್ಟೆ ಹಿಡಿದು ನಿಂತೇ ಇದ್ದೆ. ಆ ಪ್ರಾರ್ಥನೆ ಮುಗಿಯುವ ಲಕ್ಷಣವೇ ಇರಲಿಲ್ಲ.

ಅದು ಬಿರ್ಕತ್ ಹಮಜೋನ್. ರೊಟ್ಟಿ ತಿಂದ ಊಟದ ನಂತರ ಹೇಳುವುದು. ಮೇಜು ಬಲಿಪೀಠದ ಹಾಗೆ, ಬಲಿಪೀಠದ ಕಲ್ಲಿಗೆ ಕಬ್ಬಿಣ ತಾಗಬಾರದು ಅಂತ ಬೈಬಲಿನಲ್ಲೇ ಇದೆ, ಅದಕ್ಕೇ ಚಾಕುವನ್ನು ಮುಚ್ಚಬೇಕು ಅಂತ ಆಮೇಲೆ ಅವರ ಮೊಮ್ಮಗ ಹೇಳಿಕೊಟ್ಟ. ರೊಟ್ಟಿ ಯಾಕೆ ಇರಬೇಕು ಅಂದರೆ, ಬರಿದಾದ ಮೇಜಿನ ಮೇಲೆ ಆಶೀರ್ವಾದ ನಿಲ್ಲುವುದಿಲ್ಲ ಅಂತ.

ಊಟಕ್ಕೆ ಮುಂಚಿನ ಬ್ರಾಖಾಗಳನ್ನು ಅವರ ಹಿರಿಯ ರಬ್ಬಿಗಳು, ಅಂದರೆ ಧರ್ಮಗುರುಗಳು, ಗೊತ್ತುಮಾಡಿದ್ದು. ಊಟದ ನಂತರದ್ದು ಮಾತ್ರ ನೇರ ತೋರಾದ, ಅಂದರೆ ಬೈಬಲಿನ ಮೊದಲ ಐದು ಪುಸ್ತಕಗಳ, ಅಪ್ಪಣೆ. ಧರ್ಮೋಪದೇಶಕಾಂಡದ 8ನೇ ಅಧ್ಯಾಯದ 10ನೇ ವಚನ. ನೀನು ತಿಂದು ತೃಪ್ತನಾಗಿ ದೇವರನ್ನು ಕೊಂಡಾಡಬೇಕು ಅಂತ. ನಾನು ಸಣ್ಣವಳಿರುವಾಗಿನಿಂದ ಓದಿದ ಬೈಬಲ್ ಅದು. ಎಷ್ಟೋ ಸಲ ಆ ಪುಟ ದಾಟಿ ಹೋಗಿದ್ದೇನೆ. ಆ ವಚನ ಹೊಟ್ಟೆ ತುಂಬಿದವರಿಗೆ ಹೇಳಿದ್ದು ಅಂತ ಒಂದು ದಿನವೂ ಹೊಳೆದಿರಲಿಲ್ಲ. ಅದರ ಕೆಳಗಿನ ವಚನಗಳನ್ನೂ ಓದಿ. ಹೊಟ್ಟೆ ತುಂಬಿ, ಒಳ್ಳೆಯ ಮನೆ ಕಟ್ಟಿಕೊಂಡು, ದನ ಕುರಿ ಬೆಳ್ಳಿ ಬಂಗಾರ ಜಾಸ್ತಿ ಆದಾಗ ಮರೆತುಬಿಟ್ಟೀಯೆ, ಜೋಕೆ ಅಂತ ಇದೆ. ಹಸಿದಾಗ ಎಲ್ಲರಿಗೂ ದೇವರು ನೆನಪಾಗುತ್ತಾನೆ. ಅನ್ನದ ಪಾತ್ರೆ ಕಂಡಾಗ ಯಾರಿಗೆ ಖುಷಿ ಆಗಲ್ಲ? ಕೈ ತೊಳೆದು, ತೇಗು ಬಂದು, ಮನಸ್ಸು ಮುಂದಿನ ಕೆಲಸಕ್ಕೆ ಓಡುತ್ತಿರುವಾಗ ಎರಡು ನಿಮಿಷ ಕೂರುವುದು ಕಷ್ಟ. ಈ ಜನ ಆ ಕಷ್ಟದ ಜಾಗದಲ್ಲೇ ದೊಡ್ಡ ಪ್ರಾರ್ಥನೆಯನ್ನು ಇಟ್ಟಿದ್ದಾರೆ.

ಅದರಲ್ಲಿ ನಾಲ್ಕು ಭಾಗ ಇದೆ. ಮೊದಲಿನದು ಆಹಾರ ಕೊಟ್ಟದ್ದಕ್ಕೆ. ಅರಣ್ಯದಲ್ಲಿ ಆಕಾಶದಿಂದ ಮನ್ನ ಎಂಬ ಆಹಾರ ಬಿದ್ದಾಗ ಮೋಶೆ ಹೇಳಿದ್ದು ಅಂತ ಅವರ ಹಳೆಯ ಧರ್ಮಶಾಸ್ತ್ರದ ಗ್ರಂಥ ತಾಲ್ಮುದ್ ಹೇಳುತ್ತದೆ. ಎರಡನೆಯದು ದೇವರು ಕೊಟ್ಟ ನೆಲಕ್ಕೆ, ಅದು ಮೋಶೆಯ ನಂತರದ ನಾಯಕ ಯೆಹೋಶುವನದು. ಮೂರನೆಯದು ಯೆರೂಸಲೇಮಿಗೆ, ರಾಜರಾದ ದಾವೀದ ಮತ್ತು ಸೊಲೊಮೋನರದು. ನಾಲ್ಕನೆಯದನ್ನು ಸೇರಿಸಿದ್ದು ತುಂಬಾ ಆಮೇಲೆ. ರೋಮನ್ನರ ವಿರುದ್ಧ ಎದ್ದ ಬಾರ್ ಕೊಖ್ಬಾ ದಂಗೆ ಸಾಮಾನ್ಯ ಶಕ 135ರಲ್ಲಿ ಬೇತಾರ್ ಎಂಬ ಊರಿನಲ್ಲಿ ಮುಗಿಯಿತು. ಅಲ್ಲಿ ಸತ್ತವರನ್ನು ಹೂಳುವುದಕ್ಕೆ ಮೊದಲು ಬಿಟ್ಟಿರಲಿಲ್ಲ. ಕೊನೆಗೆ ಹೂಳುವುದಕ್ಕೆ ಸಿಕ್ಕಿದ ದಿನ, ದೇಹಗಳು ಕೊಳೆಯದೆ ಇದ್ದದ್ದಕ್ಕೆ, ಮಣ್ಣು ಸಿಕ್ಕಿದ್ದಕ್ಕೆ ದೇವರನ್ನು ಕೊಂಡಾಡಿದರಂತೆ. ಅದು ಇವತ್ತಿಗೂ ಊಟದ ಪ್ರಾರ್ಥನೆಯಲ್ಲಿದೆ.

ಊಟದ ನಡುವೆ ಹೆಣದ ಮಾತು ಯಾಕೆ ಅಂತ ನಾನು ಒಮ್ಮೆ ಕೇಳಿದ್ದೆ. ಸಾವ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದರು. 1941ರ ಜೂನ್ ತಿಂಗಳಲ್ಲಿ ಬಾಗ್ದಾದಿನಲ್ಲಿ ಎರಡು ದಿನ ಯಹೂದಿಗಳ ಮನೆಗಳಿಗೆ ನುಗ್ಗಿ ಕೊಂದರು. ಫರ್ಹೂದ್ ಅಂತಾರೆ ಅದಕ್ಕೆ. ಆಗ ಅವರಿಗೆ ಒಂಬತ್ತು ವರ್ಷ. ಸತ್ತವರನ್ನು ಒಟ್ಟಿಗೇ ಹೂಳಿದರು. ತಮ್ಮ ಬೀದಿಯವರು ಯಾರೆಲ್ಲ ಆ ಗುಂಡಿಗೆ ಹೋದರು ಅಂತ ಹೇಳಿ, ಅವರಿಗೆ ಮಣ್ಣಾದರೂ ಸಿಕ್ಕಿತು, ನಮಗೆ ರೊಟ್ಟಿ ಸಿಕ್ಕಿತು ಅಂದರು. ನಾನು ಮತ್ತೆ ಕೇಳಲಿಲ್ಲ. ಆದರೆ ಅವರು ನಾಲ್ಕನೇ ಭಾಗಕ್ಕೆ ಬರುವಾಗ ದನಿ ಇಳಿಯುವುದು ಆಮೇಲೆ ನನ್ನ ಕಿವಿಗೆ ಬೀಳತೊಡಗಿತು.

2021ರಲ್ಲಿ ಅವರಿಗೆ ಸ್ಟ್ರೋಕ್ ಆಯಿತು. ಎಡಭಾಗ ಹೋಯಿತು. ಮಾತು ನಿಧಾನ ಆಯಿತು, ಆದರೆ ಬುದ್ಧಿ ಚುರುಕಾಗಿಯೇ ಉಳಿಯಿತು. ನುಂಗುವುದೇ ದೊಡ್ಡ ತೊಂದರೆ ಆಯಿತು. ನೀರು ಕುಡಿದರೂ ಶ್ವಾಸನಾಳಕ್ಕೆ ಹೋಗುವ ಭಯ. ನೀರಿಗೂ ಪುಡಿ ಬೆರೆಸಿ ಗಂಜಿಯ ಹಾಗೆ ಗಟ್ಟಿ ಮಾಡಬೇಕು. ಉಳಿದದ್ದನ್ನೆಲ್ಲ ಮಿಕ್ಸಿಯಲ್ಲಿ ನುಣ್ಣಗೆ ಅರೆಯಬೇಕು. ರೊಟ್ಟಿ ಪೂರ್ತಿ ನಿಂತುಹೋಯಿತು.

ರೊಟ್ಟಿ ನಿಂತರೆ ಬಿರ್ಕತ್ ಹಮಜೋನ್ ಕೂಡ ನಿಂತಿತು. ಅದು ರೊಟ್ಟಿಯ ಊಟಕ್ಕೆ ಮಾತ್ರ. ಅರವತ್ತು ಎಪ್ಪತ್ತು ವರ್ಷ ದಿನಾ ಹೇಳಿದ್ದನ್ನು ಹೇಳಬಾರದು ಅಂತಾದಾಗ ಅವರು ಅತ್ತದ್ದನ್ನು ನಾನು ನೋಡಿದ್ದೇನೆ. ಕಾಲು ಹೋಯಿತು ಅಂತ ಅವರು ಅತ್ತಿರಲಿಲ್ಲ.

ಇನ್ನೊಂದು ವಿಷಯ ಇದೆ. ರೊಟ್ಟಿ ಇದ್ದಾಗ ಅದಕ್ಕೆ ಹೇಳಿದ ಬ್ರಾಖಾ ಊಟದ ಹೆಚ್ಚುಕಡಿಮೆ ಎಲ್ಲದಕ್ಕೂ ಸಾಕಾಗುತ್ತಿತ್ತು. ರೊಟ್ಟಿ ಇಲ್ಲದಿದ್ದರೆ ಒಂದೊಂದಕ್ಕೂ ಬೇರೆ ಬೇರೆ ಹೇಳಬೇಕು. ಮರದ ಹಣ್ಣಿಗೆ ಒಂದು, ನೆಲದಲ್ಲಿ ಬೆಳೆದದ್ದಕ್ಕೆ ಒಂದು, ದ್ರಾಕ್ಷಾರಸಕ್ಕೆ ಒಂದು, ಗೋಧಿಯ ಕೇಕು ತಿಂಡಿಗಳಿಗೆ ಒಂದು. ನೀರು, ಹಾಲು, ಮೊಟ್ಟೆ, ಮೀನು, ಮಾಂಸ ಇವಕ್ಕೆಲ್ಲ ಇನ್ನೊಂದು. ಅದರ ಅರ್ಥ, ಎಲ್ಲವೂ ನಿನ್ನ ಮಾತಿನಿಂದ ಆಯಿತು ಅಂತ.

ಈಗ ಯೋಚಿಸಿ. ಆಸ್ಪತ್ರೆಯಿಂದ ಕಳಿಸಿದ ಪುನಶ್ಚೇತನ ಕೇಂದ್ರದಲ್ಲಿ ತಟ್ಟೆಯಲ್ಲಿ ಮೂರು ಉಂಡೆ ಬರುತ್ತಿತ್ತು. ಒಂದು ಕಂದು, ಒಂದು ಕೇಸರಿ, ಒಂದು ಬಿಳಿ. ಏನು ಅಂತ ತಂದುಕೊಡುವವರಿಗೂ ಗೊತ್ತಿಲ್ಲ. ಸಾವ್ತಾ ಬಾಯಿ ತೆರೆಯಲಿಲ್ಲ. ರೋಗಿ ಊಟಕ್ಕೆ ಒಪ್ಪುತ್ತಿಲ್ಲ ಅಂತ ಅಲ್ಲಿ ಬರೆದುಕೊಂಡರು. ಅವರು ಒಪ್ಪುತ್ತಿರಲಿಲ್ಲ ಅಂತಲ್ಲ. ಯಾವ ಬ್ರಾಖಾ ಹೇಳಬೇಕು ಅಂತ ಕಾಯುತ್ತಿದ್ದರು. ಮೂರನೇ ದಿನ ಅಡುಗೆಮನೆಗೆ ನಾನೇ ಹೋಗಿ ಕೇಳಿಕೊಂಡು ಬಂದೆ. ಕಂದು ಬಣ್ಣದ್ದು ಕೋಳಿ, ಕೇಸರಿ ಕುಂಬಳಕಾಯಿ, ಬಿಳಿ ಆಲೂಗಡ್ಡೆ. ಹೇಳಿದ ಕೂಡಲೇ ಅವರು ಬ್ರಾಖಾ ಹೇಳಿ ಬಾಯಿ ತೆರೆದರು.

ಮನೆಗೆ ಬಂದ ಮೇಲೆ ಅದೇ ನಮ್ಮ ದಿನಚರಿ ಆಯಿತು. ಬಟ್ಟಲಲ್ಲಿ ಏನಿದೆ ಹೇಳು, ಬಿಂತಿ. ನಾನು ಹೇಳಬೇಕು. ಅವರು ಬ್ರಾಖಾ ಹೇಳುವ ತನಕ ಚಮಚ ಗಾಳಿಯಲ್ಲಿ ನಿಲ್ಲಬೇಕು. ಮುಂಚೆ ನಾನು ತರಕಾರಿ, ಕೋಳಿ ಎಲ್ಲ ಒಟ್ಟಿಗೇ ಹಾಕಿ ಅರೆಯುತ್ತಿದ್ದೆ, ಕೆಲಸ ಬೇಗ ಆಗಲಿ ಅಂತ. ಆಮೇಲೆ ಬಿಟ್ಟೆ. ಒಂದೊಂದನ್ನೂ ಬೇರೆ ಅರೆದು ಬೇರೆ ಬಟ್ಟಲಿಗೆ ಹಾಕಿದೆ. ತೊಳೆಯುವ ಪಾತ್ರೆ ಜಾಸ್ತಿ ಆಯಿತು ನಿಜ. ಆದರೆ ಕುಂಬಳಕಾಯಿ ಕುಂಬಳಕಾಯಿಯ ಹಾಗೇ ರುಚಿಸಿತು. ಅವರು ಜಾಸ್ತಿ ತಿಂದರು.

ಖರ್ಜೂರ ಅರೆದಾಗ ಹೊಸ ಪ್ರಶ್ನೆ ಬಂತು. ಪೇಸ್ಟ್ ಆದ ಮೇಲೂ ಅದು ಮರದ ಹಣ್ಣೇ? ಮಗ ಅವರ ರಬ್ಬಿಗೆ ಫೋನ್ ಮಾಡಿ ಕೇಳಿದರು. ಬೇರೆ ಬೇರೆ ಸಮುದಾಯಗಳಲ್ಲಿ ಬೇರೆ ಪದ್ಧತಿ ಇದೆ, ನಿಮ್ಮ ತಾಯಿಗೆ ಅದು ಮರದ ಹಣ್ಣೇ, ಎಷ್ಟು ನುಣ್ಣಗೆ ಅರೆದರೂ ಖರ್ಜೂರ ಖರ್ಜೂರವೇ ಅಂದರು. ಸಾವ್ತಾಗೆ ಎಷ್ಟು ಸಂತೋಷ ಆಯಿತು ಅಂದರೆ, ಆ ದಿನ ಬರೀ ಖರ್ಜೂರವನ್ನೇ ಕೇಳಿ ಕೇಳಿ ತಿಂದರು.

ಬಾಳೆಹಣ್ಣಿನಲ್ಲಿ ಮಾತ್ರ ನಾನು ಗೆದ್ದೆ. ಮೊದಲ ಸಲ ಬಾಳೆಹಣ್ಣು ಮಾಡಿ ಕೊಟ್ಟಾಗ ನರ್ಸ್ ಒಬ್ಬರು ಪಕ್ಕದಲ್ಲಿದ್ದರು. ಇದು ಮರದ ಹಣ್ಣು ಅಂದರು. ಅಲ್ಲ, ನೆಲದ್ದು ಅಂದೆ ನಾನು. ಬಾಳೆ ಮರ ಅಲ್ಲ ಅಂತ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಒಮ್ಮೆ ಗೊನೆ ಬಿಟ್ಟರೆ ಆ ಗಿಡದ ಕಥೆ ಮುಗಿಯಿತು, ಬುಡದಲ್ಲಿ ಕಂದು ಏಳುತ್ತದೆ. ಯಹೂದಿಗಳ ಲೆಕ್ಕವೂ ಅದೇ. ವರ್ಷ ವರ್ಷವೂ ನಿಂತು ಹಣ್ಣು ಕೊಡುವ ಮರದ ಕಾಂಡ ಅದಕ್ಕಿಲ್ಲ, ಹಾಗಾಗಿ ನೆಲದ ಬ್ರಾಖಾ. ಸಾವ್ತಾ ನನ್ನ ಕೆನ್ನೆ ತಟ್ಟಿದರು. ಅನ್ನಕ್ಕೆ ಏನು ಹೇಳಬೇಕು ಅನ್ನುವುದೂ ನನಗೆ ತುಂಬಾ ಇಷ್ಟ. ಗೋಧಿ, ಬಾರ್ಲಿ ಸೇರಿದ ಅವರ ಐದು ಧಾನ್ಯಗಳಲ್ಲಿ ಅಕ್ಕಿ ಇಲ್ಲ. ಆದರೂ ಬೆಂದ ಅನ್ನ ಹೊಟ್ಟೆ ಹಿಡಿಯುತ್ತದೆ ಅಂತ ಅದಕ್ಕೆ ತಿನ್ನುವ ಮುಂಚೆ ಧಾನ್ಯದ ಬ್ರಾಖಾ ಹೇಳುತ್ತಾರೆ. ಬಾಗ್ದಾದಿನವರು ನಮ್ಮ ಹಾಗೇ ಅನ್ನ ತಿನ್ನುವವರು. ತಾಲ್ಮುದಿನ ಕಾಲದಲ್ಲೇ ಅಕ್ಕಿಯ ಬಗ್ಗೆ ಇಷ್ಟು ಯೋಚನೆ ಮಾಡಿದ್ದಾರೆ ಅಂತ ತಿಳಿದಾಗ ನನಗೆ ನಮ್ಮವರೇ ಸಿಕ್ಕಿದ ಹಾಗಾಯಿತು.

ತಿಂದಾದ ಮೇಲೂ ಇದೆ ಅಂದೆನಲ್ಲ. ರೊಟ್ಟಿ ಇಲ್ಲದ ಊಟಕ್ಕೂ ನಂತರದ ಬ್ರಾಖಾ ಉಂಟು, ಚಿಕ್ಕದು. ಖರ್ಜೂರ, ದಾಳಿಂಬೆ, ಅಂಜೂರದಂಥ ತೋರಾ ಹೆಸರಿಸಿದ ಹಣ್ಣುಗಳಿಗೆ ಒಂದು. ಉಳಿದ ಹೆಚ್ಚಿನವಕ್ಕೆ ಬೋರೇ ನೆಫಾಶೋತ್ ಅನ್ನುವ ಇನ್ನೊಂದು. ಇವನ್ನು ಹೇಳಬೇಕಾದರೆ ಕಡಿಮೆ ಅಂದರೆ ಒಂದು ಆಲಿವ್ ಕಾಯಿಯಷ್ಟು, ಅದೂ ಕೆಲವೇ ನಿಮಿಷಗಳ ಒಳಗೆ ತಿಂದಿರಬೇಕು. ಸಾವ್ತಾ ಒಂದು ಚಮಚ ನುಂಗುವುದಕ್ಕೆ ಎಷ್ಟು ಹೊತ್ತು ಬೇಕಿತ್ತು ಗೊತ್ತಾ? ಆಲಿವಿನಷ್ಟು ಆಯಿತಾ ಬಿಂತಿ ಅಂತ ಕೇಳುತ್ತಿದ್ದರು. ನಾನು ಗಡಿಯಾರ ನೋಡಿಕೊಂಡು ಚಮಚ ಎಣಿಸುತ್ತಿದ್ದೆ. ಆಯಿತು ಅಂದ ದಿನ ಮುಖ ಅರಳುತ್ತಿತ್ತು.

ಈ ಬೋರೇ ನೆಫಾಶೋತ್ ಅನ್ನು ನಿಮ್ಮ ಓದುಗರು ಒಮ್ಮೆ ಗಮನವಿಟ್ಟು ನೋಡಬೇಕು. ಅನೇಕ ಜೀವಗಳನ್ನೂ ಅವುಗಳ ಕೊರತೆಗಳನ್ನೂ ಉಂಟುಮಾಡಿದ ದೇವರೇ, ನಿನಗೆ ಸ್ತೋತ್ರ ಅಂತ ಶುರುವಾಗುತ್ತದೆ. ಕೊರತೆಗಳನ್ನೂ! ಕೊಟ್ಟದ್ದಕ್ಕೆ ಥ್ಯಾಂಕ್ಸ್ ಹೇಳುವುದು ಗೊತ್ತು. ಇಲ್ಲದಿರುವುದನ್ನೂ ದೇವರು ಮಾಡಿದ್ದು ಅಂತ ಕೊಂಡಾಡುವುದು ಹೇಗೆ? ನನಗೆ ಅದು ಒಪ್ಪಿಗೆಯಾಗಲಿಲ್ಲ. ನಾನು ಊರು ಬಿಟ್ಟು ಬಂದದ್ದೇ ಕೊರತೆಯಿಂದ. ಮನೆ ಕಟ್ಟಿದ ಸಾಲ ಇತ್ತು. ಮಗಳು ಐದನೇ ಕ್ಲಾಸಿನಲ್ಲಿದ್ದಳು. ಅವಳು ದೊಡ್ಡವಳಾದದ್ದನ್ನು ನಾನು ಫೋನಿನಲ್ಲಿ ನೋಡಿದವಳು. ಆ ಕೊರತೆಗೆ ನಾನು ಸ್ತೋತ್ರ ಹೇಳಬೇಕಾ ಅಂತ ಒಂದು ಮಧ್ಯಾಹ್ನ ಸಾವ್ತಾರನ್ನು ಕೇಳಿಯೇಬಿಟ್ಟೆ.

ಅವರು ಒಂದೊಂದೇ ಪದ ಹುಡುಕಿ ಹೇಳಿದರು. ಕನ್ನಡದಲ್ಲಿ ಹೇಳುವುದಾದರೆ ಹೀಗೆ. ನನಗೆ ಕಾಲಿಲ್ಲ, ನಿನಗೆ ಕಾಸಿಲ್ಲ. ನಾನು ನಡೆಯುತ್ತಿದ್ದರೆ, ನಿನ್ನ ಕೈ ತುಂಬಾ ದುಡ್ಡಿದ್ದರೆ, ಈ ಚಮಚವನ್ನು ಯಾರು ಹಿಡಿಯುತ್ತಿದ್ದರು?

ಅದು ಪೂರ್ತಿ ಸಮಾಧಾನ ಕೊಟ್ಟಿತು ಅಂತ ನಾನು ಹೇಳುವುದಿಲ್ಲ. ಮಗಳ ಆ ವರ್ಷಗಳು ವಾಪಸ್ ಬರುವುದಿಲ್ಲ. ಆದರೆ ಆವತ್ತಿನಿಂದ ಅವರು ಆ ಬ್ರಾಖಾ ಹೇಳುವಾಗ ನಾನು ಪಾತ್ರೆ ತೊಳೆಯುವುದಕ್ಕೆ ಏಳುವುದನ್ನು ಬಿಟ್ಟೆ. ಕೂತು ಕೇಳುತ್ತಿದ್ದೆ.

ಹೇಳಲೋ ಬೇಡವೋ ಅಂತ ಯೋಚಿಸಿ ಇದನ್ನೂ ಬರೆಯುತ್ತಿದ್ದೇನೆ. ನಮ್ಮ ಕೆಲಸ ಊಟ ಮಾಡಿಸಿದಲ್ಲಿಗೆ ಮುಗಿಯುವುದಿಲ್ಲ, ಅಲ್ವಾ? ಯಹೂದಿಗಳ ಸ್ತೋತ್ರವೂ ಮುಗಿಯುವುದಿಲ್ಲ. ಶೌಚಕ್ಕೆ ಹೋಗಿ ಬಂದು ಕೈ ತೊಳೆದ ಮೇಲೆ ಹೇಳುವ ಬ್ರಾಖಾ ಕೂಡ ಇದೆ. ಮೈಯೊಳಗೆ ರಂಧ್ರಗಳನ್ನೂ ಪೊಳ್ಳುಗಳನ್ನೂ ಮಾಡಿದ್ದೀ, ಅವುಗಳಲ್ಲಿ ಒಂದು ತೆರೆದುಕೊಂಡರೂ ಒಂದು ಕಟ್ಟಿಕೊಂಡರೂ ನಾವು ಉಳಿಯುವುದಿಲ್ಲ ಅಂತ. ಡಯಪರ್ ಬದಲಿಸುವ ಕೆಲಸವನ್ನು ಜನ ಕೀಳಾಗಿ ನೋಡುತ್ತಾರೆ. ಸಾವ್ತಾ ಅದು ಮುಗಿದ ಮೇಲೂ ಕೈಗೆ ನೀರು ಹಾಕಿಸಿಕೊಂಡು ಈ ಬ್ರಾಖಾ ಹೇಳುವುದನ್ನು ಕೇಳಿದಾಗಿನಿಂದ, ಊರಿನಿಂದ ಯಾರಾದರೂ ಕೆಲಸ ಏನು ಅಂತ ಕೇಳಿದರೆ ನಾನು ಪೂರ್ತಿ ಹೇಳುತ್ತೇನೆ. ಮುಚ್ಚಿಡುವುದಿಲ್ಲ.

ಈಗ ಎಂಟು ತಿಂಗಳಿನಿಂದ ಬಾಯಿಯ ಊಟವೂ ನಿಂತಿದೆ. ಹೊಟ್ಟೆಗೆ ನೇರ ಟ್ಯೂಬ್ ಹಾಕಿದ್ದಾರೆ. ಟ್ಯೂಬಿನಲ್ಲಿ ಹೋಗುವುದಕ್ಕೆ ಮುಂಚೆ ಬ್ರಾಖಾ ಇಲ್ಲ ಅಂತ ರಬ್ಬಿ ಹೇಳಿದರು. ಬಾಯಿಗೆ ರುಚಿ ಸಿಕ್ಕಿದರೆ ಮಾತ್ರ ಅದು. ಮೊದಲ ವಾರ ಟ್ಯೂಬಿಗೆ ಚೀಲ ಸಿಕ್ಕಿಸುವಾಗೆಲ್ಲ ಸಾವ್ತಾ ನನ್ನ ಮುಖ ನೋಡುತ್ತಿದ್ದರು. ಅಭ್ಯಾಸದಿಂದ ನಾನೂ ಏನಿದೆ ಅಂತ ಹೇಳುವುದಕ್ಕೆ ಬಾಯಿ ತೆರೆದು ಮುಚ್ಚುತ್ತಿದ್ದೆ.

ಆಮೇಲೆ ಅವರೇ ಒಂದು ದಾರಿ ಮಾಡಿಕೊಂಡರು. ಬ್ರಾಖಾ ಹೇಳುವವನಿಗಿಂತ ಅದಕ್ಕೆ ಆಮೆನ್ ಅನ್ನುವವನು ದೊಡ್ಡವನು ಅಂತ ತಾಲ್ಮುದಿನಲ್ಲಿ ಒಬ್ಬರು ರಬ್ಬಿ ಹೇಳಿದ್ದಾರೆ. ಅದನ್ನು ಮೊಮ್ಮಗನ ಬಾಯಲ್ಲಿ ಓದಿಸಿದರು. ಇನ್ನು ಯಾರು ಬಂದರೂ ನನ್ನ ಹಾಸಿಗೆ ಪಕ್ಕದಲ್ಲೇ ಕೂತು ತಿನ್ನಬೇಕು, ಬ್ರಾಖಾ ಗಟ್ಟಿಯಾಗಿ ಹೇಳಬೇಕು ಅಂದರು. ಮಕ್ಕಳಿಗೆ ಮೊದಲು ಸಂಕೋಚ. ತಿನ್ನಲಾಗದವರ ಎದುರು ತಿನ್ನುವುದು ಹೇಗೆ ಅಂತ ಅಡುಗೆಮನೆಯಲ್ಲಿ ನಿಂತು ಕದ್ದು ತಿನ್ನುತ್ತಿದ್ದರು. ಸಾವ್ತಾ ಬಿಡಲಿಲ್ಲ.

ಮೊನ್ನೆ ಶುಕ್ರವಾರ ಮೊಮ್ಮಗ ಈ ವರ್ಷದ ಮೊದಲ ದಾಳಿಂಬೆ ತಂದಿದ್ದ. ಹೊಸ ಫಸಲಿನ ಹಣ್ಣಿಗೆ ಎರಡು ಬ್ರಾಖಾ. ಮರದ ಹಣ್ಣಿನದು ಒಂದು. ನಮ್ಮನ್ನು ಬದುಕಿಸಿ, ಉಳಿಸಿ, ಈ ಹೊತ್ತಿಗೆ ತಂದು ಮುಟ್ಟಿಸಿದವನೇ ಅನ್ನುವುದು ಇನ್ನೊಂದು. ನಾನು ಹಣ್ಣು ಒಡೆದು ಕಾಳು ಬಿಡಿಸಿ ಬಟ್ಟಲಿಗೆ ಹಾಕಿ ಕೊಟ್ಟೆ. ಅವನು ಎರಡನ್ನೂ ನಿಧಾನವಾಗಿ ಹೇಳಿದ. ಎರಡಕ್ಕೂ ಸಾವ್ತಾ ಆಮೆನ್ ಅಂದರು. ಎರಡನೆಯದು ಕೇಳಿಸುವ ಹಾಗೆ ಅಂದರು.

ಅವನು ನಾಲ್ಕು ಕಾಳು ಬಾಯಿಗೆ ಹಾಕಿಕೊಂಡ. ಅವನ ದವಡೆ ಅಲ್ಲಾಡುವುದನ್ನೇ ಸಾವ್ತಾ ನೋಡುತ್ತಿದ್ದರು. ಹೇಗಿದೆ ಅಂತ ಕೇಳಿದರು.

"ಸ್ವಲ್ಪ ಹುಳಿ ಸಾವ್ತಾ. ಇನ್ನೂ ಎರಡು ವಾರ ಬೇಕು."

"ಹಾಗಾದರೆ ಎರಡು ವಾರ ಬಿಟ್ಟು ಮತ್ತೆ ತಾ" ಅಂದರು.

ಇಂತಿ ತಮ್ಮ ವಿಶ್ವಾಸಿ,
ಉಡುಪಿ ಕಡೆಯ ಒಬ್ಬ ಕೇರ್‌ಗಿವರ್
ರಮತ್ ಗನ್, ಇಸ್ರೇಲ್